ಎಡಗಡೆ ಪೆಟ್ಟಿಗೆ

ತಾಳ ವಾಪಸ್ಸು ಕೊಟ್ಟುಬಿಡುತ್ತೇನೆ ಎಂದು ನಮ್ಮ ಮಾವ ಅಂದಾನಯ್ಯನವರು ಹೇಳಿದ್ದು ಒಂದು ಬುಧವಾರ ಸಂಜೆ, ನಾನು ಮುದ್ದೆ ತಿರುವುತ್ತಿದ್ದಾಗ. ಕೋಲು ಕೈಯಲ್ಲಿದ್ದಾಗ ಯಾರು ಏನು ಹೇಳಿದರೂ ತಿರುಗಿ ನೋಡುವ ಹಾಗಿಲ್ಲ, ಹಿಟ್ಟು ಗಂಟು ಕಟ್ಟುತ್ತದೆ. ಅದು ಅವರಿಗೂ ಗೊತ್ತು. ಮುಖ ಕೊಟ್ಟು ಮಾತಾಡಬೇಕಾಗದ ಹೊತ್ತು ನೋಡಿಕೊಂಡೇ ಹೇಳಿದರೇನೋ ಎಂದು ಆಮೇಲೆ ಅನ್ನಿಸಿತು.

"ಶನಿವಾರ ಭಜ್ನೆ ಮನೆಗೋಗಿ ತಾಳ ಕೊಟ್ಬುಟ್ಟು ಬತ್ತೀನಿ ಕಣವ್ವ. ಶಿವಶಂಕ್ರ ಇಟ್ಕಳ್ಳಿ. ನನ್ ಕಿವಿ ಓಯ್ತು."

ನಮ್ಮೂರ ಭಜನೆ ಮನೆಯಲ್ಲಿ ಶನಿವಾರ ಶನಿವಾರ ಭಜನೆ. ತಾಳ ಹಾಕುವವರು ಮಾವನೇ. ನಾನು ಈ ಮನೆಗೆ ಬರುವುದಕ್ಕೆ ಮುಂಚಿನಿಂದಲೂ ಆ ಜೋಡಿ ಹಿತ್ತಾಳೆ ತಾಳ ನಮ್ಮ ದೇವರ ಗೂಡಿನಲ್ಲೇ, ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಇದೆ. ಹಾರ್ಮೋನಿಯಂನವರು ಬದಲಾದರು, ಮೃದಂಗದವರು ಬದಲಾದರು, ತಾಳ ಮಾತ್ರ ಬೇರೆ ಕೈಗೆ ಹೋಗಿರಲಿಲ್ಲ.

ಅದಕ್ಕಿಂತ ದೊಡ್ಡ ಮಾತೆಂದರೆ ಅವರ ಕಿವಿ. ಮೂವತ್ತೆರಡು ವರ್ಷ ನೀರುಗಂಟಿಯಾಗಿ ಕಾಲುವೆ ಏರಿಯ ಮೇಲೆ ನಡೆದವರು. ಯಾವ ಗದ್ದೆಗೆ ಯಾವ ದಿನ ನೀರು ಬಿಡಬೇಕು, ಯಾವ ತೂಬು ಎಷ್ಟು ಎತ್ತಬೇಕು ಎನ್ನುವುದೇ ಅವರ ಕೆಲಸ. ಕತ್ತಲಲ್ಲಿ ತೂಬಿನ ಹತ್ತಿರ ಒಂದು ಗಳಿಗೆ ನಿಂತು, ಸದ್ದು ಕೇಳಿಯೇ ಗೇಟು ನಾಲ್ಕು ಅಂಗುಲ ಎದ್ದಿದೆ, ಯಾರೋ ಕದ್ದು ಎರಡು ಅಂಗುಲ ಜಾಸ್ತಿ ಎತ್ತಿದ್ದಾರೆ ಎಂದು ಹೇಳುತ್ತಿದ್ದರಂತೆ. ನಾನು ನಾಗಮಂಗಲದ ಹೊಣಕೆರೆ ಕಡೆಯವಳು, ಮಳೆ ನೆಚ್ಚಿದ ಊರು. ಮದುವೆಯಾಗಿ ಇಲ್ಲಿಗೆ, ಪಾಂಡವಪುರದ ಕಾಲುವೆ ಕೆಳಗಿನ ಊರಿಗೆ, ಬಂದ ಮೇಲೆಯೇ ನೀರಿಗೂ ಇಷ್ಟು ಬಗೆಯ ಸದ್ದುಂಟು ಎಂದು ತಿಳಿದದ್ದು. ತಿಳಿಸಿದವರು ಮಾವ. ಹೊಸದರಲ್ಲಿ ಮನೆ ನೆನಪಾಗಿ ನಾನು ಸಪ್ಪಗಿದ್ದರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ಇದು ತುಂಬಿದ ನೀರಿನ ಸದ್ದು, ಇದು ಕಟ್ಟಿಕೊಂಡ ನೀರಿನ ಸದ್ದು ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದರು.

ಆ ಮನುಷ್ಯ ಕಿವಿ ಹೋಯಿತು ಎಂದರೆ ಏನರ್ಥ.

ಹಾಲಿನ ಡೈರಿಯಿಂದ ಬಂದ ನಮ್ಮ ಯಜಮಾನರು ಗಿರೀಶರಿಗೆ ಹೇಳಿದೆ. ಮೈಸೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸೋಣ ಎಂದು ಅವರು ಊಟಕ್ಕೆ ಕೂತಾಗ ಮಾತು ತೆಗೆದರು. ಮಾವ ಒಪ್ಪಲಿಲ್ಲ. ಡಾಕ್ಟರು ಒಂದು ಸಲ ಇಲ್ಲ ಎಂದುಬಿಟ್ಟರೆ ಆಮೇಲೆ ಇಲ್ಲವೇ ಇಲ್ಲ, ಈಗ ಹೇಗೋ ಅರ್ಧವಾದರೂ ಇದೆ ಎಂದುಕೊಂಡಿದ್ದೇನೆ ಎಂದರು.

ಕಿವಿ ಹೋಗಿದೆ ಎಂದು ಅವರಿಗೆ ಗೊತ್ತಾದದ್ದು ನಮ್ಮ ಸ್ಟೀರಿಯೋದಿಂದ. ಗಿರೀಶರು ಹೈಸ್ಕೂಲಿನಲ್ಲಿದ್ದಾಗ ಮೈಸೂರಿನಿಂದ ಬಸ್ಸಿನ ಟಾಪಿನ ಮೇಲೆ ತಂದದ್ದು. ಮಧ್ಯೆ ಟೇಪು, ಆ ಕಡೆ ಈ ಕಡೆ ಮೊಣಕಾಲೆತ್ತರದ ಎರಡು ಮರದ ಪೆಟ್ಟಿಗೆ. ಒಂದೊಂದು ಪೆಟ್ಟಿಗೆಯಲ್ಲೂ ಕೆಳಗೊಂದು ದೊಡ್ಡ ಸ್ಪೀಕರು, ಮೇಲೊಂದು ಚಿಕ್ಕದು. ಹಾಲು ಕರೆದು ಮುಗಿದ ಮೇಲೆ ಮಾವ ಅದರ ಎದುರು ಕುರ್ಚಿ ಹಾಕಿಕೊಂಡು, ಭಜನೆಯವರೇ ಹಿಂದೊಮ್ಮೆ ತುಂಬಿಸಿಟ್ಟ ಕ್ಯಾಸೆಟ್ಟು ಹಾಕಿ ಕೂರುತ್ತಾರೆ. ಅದರಲ್ಲಿರುವ ತಾಳ ಅವರದೇ. ಒಂದೊಂದು ಪೆಟ್ಟೂ ಎಲ್ಲಿ ಬೀಳುತ್ತದೆ ಎಂದು ಬಲ್ಲರು. ಈಚೀಚೆಗೆ ಎಡಗಡೆಯಿಂದ ಆ ಪೆಟ್ಟು ಕೇಳುತ್ತಲೇ ಇಲ್ಲವಂತೆ. ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗೆ ಬರುತ್ತದಂತೆ. ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಅಡಿಗೆಮನೆಗೆ ಎಲ್ಲ ಸದ್ದೂ ಕಲಸಿಕೊಂಡು ಒಂದಾಗಿಯೇ ಬರುತ್ತದೆ. ಗಿರೀಶರು ಡೈರಿಯಲ್ಲಿರುತ್ತಾರೆ. ಮಗಳು ಚಿನ್ನು ಮೊಬೈಲು ಹಿಡಿದಿರುತ್ತಾಳೆ.

ಕಿವಿ ಹೋಗಿದೆ ಎಂದು ಮನಸ್ಸಿಗೆ ಬಂದ ಮೇಲೆ ಭಜನೆಯಲ್ಲೂ ಅವರು ಕೇಳಿ ತಾಳ ಹಾಕುವುದನ್ನು ಬಿಟ್ಟು ಮೃದಂಗದವರ ಕೈ ನೋಡಿ ಹಾಕಲು ಶುರು ಮಾಡಿದರು. ಕೈ ನೋಡಿ ಹಾಕಿದ ತಾಳ ಹಿಂದೆ ಬೀಳುತ್ತದೆ. ಎರಡು ವಾರ ಹಾಗೇ ಆಯಿತು. ಆ ಬುಧವಾರದ ಹಿಂದಿನ ಶನಿವಾರ ಭಜನೆ ಮೇಳದ ಶಿವಶಂಕರ, ಅವನು ಎಲ್ಲರನ್ನೂ ರೇಗಿಸುವವನೇ, ಭಜನೆ ನಿಲ್ಲಿಸಿ, "ಏನ್ ದೊಡ್ಡಪ್ಪೋ, ತೂಬು ಕಟ್ಕತಾ?" ಎಂದನಂತೆ. ಎಲ್ಲರೂ ನಕ್ಕರಂತೆ. ಮಾವನೂ ನಕ್ಕರಂತೆ. ಮಂಗಳಾರತಿಗೆ ನಿಲ್ಲದೆ ಮನೆಗೆ ಬಂದಿದ್ದರು.

ಆ ಬುಧವಾರ ರಾತ್ರಿ ಊಟ ಮುಗಿದ ಮೇಲೆ ಪಾತ್ರೆ ತೊಳೆಯುತ್ತಿದ್ದಾಗ ಚಿನ್ನು ಹಿಂದೆ ಬಂದು ನಿಂತಳು. ಏಳನೇ ಕ್ಲಾಸು. ಹೇಳಬೇಕಾದ್ದಿದ್ದರೆ ನನ್ನ ಸೆರಗಿನ ತುದಿ ಸುತ್ತುತ್ತಾ ನಿಲ್ಲುತ್ತಾಳೆ.

"ತಾತಂಗೆ ಕಿವಿ ಚೆನ್ನಾಗ್ ಕೇಳುಸ್ತದೆ ಕಣಮ್ಮ. ನಾನು ಕೋಡ್ಬಳೆ ಡಬ್ಬಿ ಮುಚ್ಚಳ ಮೆತ್ತುಗ್ ತಗುದ್ರೂ ಜಗುಲಿಯಿಂದ್ಲೇ 'ನಂಗೂ ಎಲ್ಡು' ಅಂತದೆ."

ನಾನು ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು ನಿಂತೆ. ಈ ಹುಡುಗಿ ಕೂಸಾಗಿದ್ದಾಗ ಒಂದು ಕಿವಿ ಸೋರುತ್ತಿತ್ತು. ಕೇಳುತ್ತದೆಯೋ ಇಲ್ಲವೋ ಎಂದು ನಾನು ಇವಳನ್ನು ತೊಡೆಯ ಮೇಲೆ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಮಲಗಿಸಿ ಬಳೆ ಅಲ್ಲಾಡಿಸಿ ನೋಡುತ್ತಿದ್ದೆ. ಮಾವನನ್ನು ಮಗ್ಗುಲು ಬದಲಿಸಿ ಮಲಗಿಸಲಾಗುವುದಿಲ್ಲ. ಆದರೆ ಕುರ್ಚಿ ತಿರುಗಿಸಬಹುದಲ್ಲ.

ಮಾರನೆಯ ದಿನ ಸಂಜೆ ಅವರು ಹಸು ಕಟ್ಟಿ ಒಳಗೆ ಬರುವ ಹೊತ್ತಿಗೆ ನಡುಮನೆಯಲ್ಲಿ ಗೋಣಿ ಹಾಸಿ ಅವರೆಕಾಯಿ ಸುರಿದಿದ್ದೆ. ಅವರ ಕುರ್ಚಿಯನ್ನು ಅಲ್ಲೇ, ಆದರೆ ಬಾಗಿಲ ಕಡೆ ಮುಖ ಮಾಡಿ, ಸ್ಟೀರಿಯೋಗೆ ಬೆನ್ನಾಗುವ ಹಾಗೆ ಇಟ್ಟಿದ್ದೆ. ಇವತ್ತೊಂದು ದಿನ ಹೀಗೆ ಕೂತುಕೊಂಡು ನಾಲ್ಕು ಕಾಯಿ ಸುಲಿದುಕೊಡಿ ಮಾವ ಎಂದೆ. ಬೆನ್ನು ತೋರಿಸಿ ಭಜನೆ ಕೇಳುವುದು ಯಾವ ಶಾಸ್ತ್ರ ಎಂದು ಗೊಣಗಿದರು. ಆದರೂ ಕೂತರು. ನಾನೇ ಕ್ಯಾಸೆಟ್ಟು ಹಾಕಿದೆ.

ಒಂದು ಹಾಡು ಆಯಿತು. ಎರಡನೆಯದರ ನಡುವೆ ಅವರ ಕೈ ನಿಂತಿತು. ಬಲಗಿವಿಯೊಳಗೆ ಕಿರುಬೆರಳು ಹಾಕಿ ಅಲ್ಲಾಡಿಸಿದರು. ಮತ್ತೆ ಕೇಳಿದರು. ಮುಖ ಇಳಿದುಹೋಯಿತು.

"ಬಲಗಿವೀನೂ ಓಯ್ತು ಕಣ್ ಮಮತ," ಎಂದರು. ಅವರು ನನ್ನ ಹೆಸರು ಹಿಡಿದು ಕರೆಯುವುದೇ ಅಪರೂಪ. "ನೆನ್ನೆಗಂಟ ಚೆನ್ನಾಗಿತ್ತು."

"ಎಡಗಡೆ ಎಂಗದೆ ಮಾವ?" ಎಂದೆ.

ಅವರು ತಲೆ ಬಗ್ಗಿಸಿ ಕೇಳಿದರು. ಕಾಲುವೆಯ ಮೇಲೆ ನಿಂತಾಗ ಹೀಗೇ ಬಗ್ಗಿಸುತ್ತಿದ್ದರು. ಬಹಳ ಹೊತ್ತಾದ ಮೇಲೆ, "ಎಡಗಡೆ ತಾಳ ಕೇಳ್ತಾ ಅದೆ," ಎಂದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಕುರ್ಚಿಯಿಂದ ಎದ್ದು ಹಿಂದಕ್ಕೆ ತಿರುಗಿ ಎರಡು ಪೆಟ್ಟಿಗೆಯನ್ನೂ ನೋಡಿದರು. ಕುರ್ಚಿಯನ್ನು ನೋಡಿದರು. ಆಮೇಲೆ ನನ್ನನ್ನು.

"ಅವ್ರೆಕಾಯಿ ಸುಲಿಯಾಕಲ್ಲ ನೀನು ಕುರ್ಸಿ ತಿರುಗ್ಸಿದ್ದು."

ಅಲ್ಲ ಎಂದೆ.

ಕಿವಿ ಹೋಗಿದ್ದರೆ ತಿರುಗಿ ಕೂತಾಗಲೂ ಎಡಗಡೆಯೇ ಮಂಕಾಗಿ ಕೇಳಬೇಕಿತ್ತು. ಮಂಕು ಬಲಗಡೆಗೆ ಹೋಗಿತ್ತು. ದೋಷ ಪೆಟ್ಟಿಗೆಯದು. ಮಾವ ಕೂತು ಮತ್ತೆ ಕಾಯಿ ಸುಲಿಯತೊಡಗಿದರು. ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ಗೋಣಿಯ ಮೇಲೂ ಹಾಕುತ್ತಿದ್ದವರು ಎರಡನ್ನೂ ಬುಟ್ಟಿಗೇ ಹಾಕುತ್ತಿದ್ದರು. ನಾನು ಆಮೇಲೆ ಆರಿಸಿದೆ.

ಶುಕ್ರವಾರ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಸೀರೆಯಲ್ಲಿ ಕಟ್ಟಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿ ಯಶೋಧರಾ ಎನ್ನುವ ಹೆಂಗಸು ಮಿಕ್ಸಿ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದಾಳೆ. ನನಗಿಂತ ಚಿಕ್ಕವಳು, ಐಟಿಐ ಓದಿದವಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ದೀಪ ಹಿಡಿದು ನೋಡಿದಳು. ದೊಡ್ಡ ಸ್ಪೀಕರಿನ ಕಾಗದದ ಬಟ್ಟಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕರಕರ ಎಂದಿತು. ಚಿಕ್ಕದರ ನಡುವಿನಿಂದ ಉಗುರಿನಲ್ಲಿ ಏನನ್ನೋ ಕೆರೆದು ಬೆಳಕಿಗೆ ಹಿಡಿದಳು. ಕೆಂಪಗಿತ್ತು.

"ಅಕ್ಕ, ಇದುಕ್ಕೆ ಪೂಜೆ ಜಾಸ್ತಿ ಆಗ್ಬುಟ್ಟದೆ," ಎಂದಳು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕುಡಗೋಲಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ಗಂಧ ಕುಂಕುಮ ಇಡುವವಳು ನಾನೇ. ಸ್ಟೀರಿಯೋಗೂ ಇಡುತ್ತೇನೆ. ಮೊದಲು ಎರಡು ಪೆಟ್ಟಿಗೆಗೂ ಮುಂದೆ ಬಟ್ಟೆಯ ಮುಚ್ಚಳವಿತ್ತು. ಆರು ವರ್ಷದ ಹಿಂದೆ ಎಡಗಡೆಯದನ್ನು ಇಲಿ ಕಡಿದು ಹಾಳು ಮಾಡಿತು, ತೆಗೆದು ಬಿಸಾಕಿದೆವು. ಆಮೇಲೆ ಬಲಗಡೆಯದಕ್ಕೆ ಬಟ್ಟೆಯ ಮೇಲೆ ಬೊಟ್ಟಿಟ್ಟೆ. ಎಡಗಡೆಯದಕ್ಕೆ ಬರಿಯ ಸ್ಪೀಕರಿನ ನಟ್ಟನಡುವೆ, ದೊಡ್ಡದಕ್ಕೊಂದು, ಚಿಕ್ಕದಕ್ಕೊಂದು. ಮಾವನ ಪೆಟ್ಟಿಗೆ ಎಂದು ಭಕ್ತಿಯಿಂದ, ಎಲ್ಲದಕ್ಕಿಂತ ದಪ್ಪನಾಗಿಯೇ ಇಟ್ಟಿದ್ದೆ. ಹೋದ ವರ್ಷದ ಗಂಧದ ಮೇಲೆ ಈ ವರ್ಷದ್ದು. ಮೇಲೆ ಹೂವಿನಲ್ಲಿ ಅದ್ದಿ ನೀರು ಬೇರೆ ಚಿಮುಕಿಸಿದ್ದೆ.

ಯಶೋಧರಾ ಬೈಯಲಿಲ್ಲ. ತಿಂಗಳಿಗೆ ಇಂಥದ್ದೊಂದು ಬರುತ್ತದೆ, ಒಮ್ಮೆ ಕಂಪ್ಯೂಟರೊಂದರ ಹೊಟ್ಟೆಯೊಳಗೆ ನಿಂಬೆಹಣ್ಣು ಸಿಕ್ಕಿತ್ತು ಎಂದಳು. ಸ್ಪೀಕರಿನ ಬಟ್ಟಲು ಕೂದಲೆಳೆಯಷ್ಟು ಜಾಗದಲ್ಲಿ ಮುಂದಕ್ಕೂ ಹಿಂದಕ್ಕೂ ಆಡಬೇಕು, ಗಂಧ ಒಣಗಿ ಭಾರ ಕಟ್ಟಿದೆ, ಕುಂಕುಮದ ಪುಡಿ ಸಂದಿಗೆ ಇಳಿದಿದೆ ಎಂದು ವಿವರಿಸಿದಳು. ಕುಂಚ ತೆಗೆದುಕೊಂಡು ಒರೆಸುತ್ತಾ, ಊದುತ್ತಾ ಒಂದೂವರೆ ಗಂಟೆ ಕೂತಳು. ಬಟ್ಟಲಿನ ಅಂಚಿನ ಸ್ಪಂಜು ಮುಟ್ಟಿದರೆ ಉದುರುತ್ತಿತ್ತು, ಅದಕ್ಕೆ ಬಳೆಯಂಥ ಹೊಸ ಸ್ಪಂಜು ಅಂಟಿಸಿದಳು. ಚಿಕ್ಕ ಸ್ಪೀಕರು ಮಾತ್ರ ಉಳಿಯಲಿಲ್ಲ. ಹಳೆಯ ಸೆಟ್ಟೊಂದರಿಂದ ಅದೇ ಅಳತೆಯದನ್ನು ತೆಗೆದು ಕೂರಿಸಿದಳು. ಹೊರಡುವಾಗ, ಮೂಲೆಗೆ ಒತ್ತಿ ನೆಲದ ಮೇಲೆ ಇಡಬೇಡಿ, ಗೋಡೆಯಿಂದ ಮೊಳ ಮುಂದಕ್ಕೆ, ಕೂತವರ ಕಿವಿಯ ಮಟ್ಟಕ್ಕೆ ಇಡಿ ಎಂದಳು. ಆಮೇಲೆ ಮೆಲ್ಲಗೆ, "ಪೆಟ್ಗೆ ಸರಿ ಮಾಡಿವ್ನಿ ಅಕ್ಕ. ವಯಸ್ಸಾದೋರ ಕಿವಿ ವಿಚಾರ ನಾನೇನೂ ಯೋಳಕಾಗಲ್ಲ," ಎಂದಳು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಳೆಯದಾಗಿತ್ತು, ಕೆಟ್ಟಿತ್ತು, ಸರಿ ಮಾಡಿಸಿದೆ ಎಂದರೆ ಸಾಕು. ಆದರೆ ಆ ಬುಧವಾರ ಅವರು ನನ್ನ ಬೆನ್ನಿಗೆ ಹೇಳಿದ ಮಾತು ಕಿವಿಯಲ್ಲೇ ಇತ್ತು.

ಮನೆಗೆ ಬಂದು ಮಣೆ ಎರಡನ್ನು ಸ್ಟೂಲಿನ ಮೇಲೆ ಜೋಡಿಸಿ, ಚಿನ್ನುವನ್ನು ಕುರ್ಚಿಯಲ್ಲಿ ಕೂರಿಸಿ ಕಿವಿಯ ಎತ್ತರ ಅಳೆದು, ಮಾವನದು ಇನ್ನೊಂದು ಗೇಣು ಮೇಲೆ ಎಂದು ಲೆಕ್ಕ ಹಾಕಿ ಪೆಟ್ಟಿಗೆ ಇಟ್ಟೆವು. ಮಾವ ಬಂದು ಕೂತರು. ಕ್ಯಾಸೆಟ್ಟು ಹಾಕುವ ಮುಂಚೆಯೇ ನಾನು ಹೇಳಿಬಿಟ್ಟೆ. ಇಲಿ, ಬಟ್ಟೆ, ಗಂಧ, ಆರು ವರ್ಷ, ಎಲ್ಲ. ನನ್ನ ಕೈಯಿಂದಲೇ ಆಯಿತು ಮಾವ ಎಂದೆ.

ಅವರು ಬಗ್ಗಿ ಪೆಟ್ಟಿಗೆಯ ಕಾಗದದ ಬಟ್ಟಲನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು.

"ತೂಬಿನ ಗೇಟಿಗೂ ನಾವು ವರ್ಸಾ ವರ್ಸಾ ಗಂಧ ಬಳೀತಿದ್ದೊ ಕಣವ್ವ," ಎಂದರು. "ಅದು ಕಬ್ಬಿಣ, ತಡ್ಕತಿತ್ತು. ಇದು ಕಾಗ್ದ. ನಿಂಗೆಂಗೆ ಗೊತ್ತಾಗ್ಬೇಕು? ದಿನಾ ಮುಂದೆ ಕೂರ್ತಿದ್ದ ನಂಗೇ ಕಾಣ್ನಿಲ್ಲ. ಹಾಕು, ನೋಡವ."

ಹಾಕಿದೆ. ಮೃದಂಗ ಬಂತು, ಹಾರ್ಮೋನಿಯಂ ಬಂತು, ಆಮೇಲೆ ಎರಡೂ ಕಡೆಯಿಂದ ತಾಳ. ಅಡಿಗೆಮನೆಯ ನನ್ನ ಕಿವಿಗೆ ಅಷ್ಟು ವರ್ಷ ಕಲಸಿಕೊಂಡು ಬರುತ್ತಿದ್ದದ್ದು ಹೀಗೆ ಬಿಡಿಬಿಡಿಯಾಗಿತ್ತೆಂದು ನನಗೂ ಅವತ್ತೇ ಗೊತ್ತಾದದ್ದು. ಮಾವ ತಲೆ ಬಗ್ಗಿಸಿ ಕೂತಿದ್ದರು. ಹಾಡು ಮುಗಿದ ಮೇಲೆ ಸದ್ದನ್ನು ಒಂದು ಚೂರು ಏರಿಸು ಎಂದರು. ಏರಿಸಿದೆ. ಇನ್ನೊಂದು ಚೂರು ಎಂದರು.

ನಾನು ಅವರ ಮುಖ ನೋಡಿದೆ.

"ಒಂಚೂರು ಓಗ್ಬುಟ್ಟದೆ ಮಗ, ಎರಡೂ ಕಿವೀನೂವೆ," ಎಂದರು. "ಎಪ್ಪತ್ತಾರಾಯ್ತು, ಓಗ್ದೆ ಇದ್ದಾದಾ? ತಾಳ ಹಾಕಕ್ಕೆ ಎಷ್ಟು ಬೇಕೋ ಅಷ್ಟದೆ. ಅಷ್ಟದೆ ಅಂತ ಈಗ ಗೊತ್ತಾಯ್ತಲ್ಲ, ಸಾಕು."

ಮೈಸೂರಿಗೂ ಬರುತ್ತೇನೆ, ಡಾಕ್ಟರು ಏನು ಹೇಳುತ್ತಾನೋ ಹೇಳಲಿ ಎಂದು ಮಗನಿಗೆ ಅವರೇ ಹೇಳಿದರು.

ಶನಿವಾರ ಸಂಜೆ ದೇವರ ಗೂಡಿನಿಂದ ಕೆಂಪು ವಸ್ತ್ರ ತೆಗೆದು ತಾಳವನ್ನು ಹುಣಸೆಹಣ್ಣಿನಲ್ಲಿ ಉಜ್ಜಿಕೊಡು ಎಂದರು. ವಾಪಸ್ಸು ಕೊಡುವುದಕ್ಕೋ ಹಾಕುವುದಕ್ಕೋ ಎಂದು ನಾನು ಕೇಳಲಿಲ್ಲ. ಚಿನ್ನುವನ್ನು ಜೊತೆಗೆ ಕಳಿಸಿ ಸಾರಿಗೆ ಒಗ್ಗರಣೆ ಹಾಕುತ್ತಾ, ಒಲೆ ಸಣ್ಣ ಮಾಡಿ, ಹಿತ್ತಲ ಬಾಗಿಲು ತೆಗೆದಿಟ್ಟೆ. ಭಜನೆ ಮನೆ ನಮಗೆ ಎರಡು ಬೀದಿ ಆಚೆ. ಮೊದಲು ಮಾತು, ನಗು. ಆಮೇಲೆ ಹಾರ್ಮೋನಿಯಂ. ಆಮೇಲೆ ತಾಳ. ಎಲ್ಲೂ ಹಿಂದೆ ಬೀಳಲಿಲ್ಲ.

ಚಿನ್ನು ಬಂದು ಎಲ್ಲ ಹೇಳಿದಳು. ತಾತ ಹೋದ ತಕ್ಷಣ ಶಿವಶಂಕರನ ಪಕ್ಕದಲ್ಲೇ ಕೂತು, "ತೂಬು ಬುಟ್ಟಿವ್ನಿ ಕಣ್ಲಾ, ನಿನ್ ಗದ್ದೆ ಬದ ಭದ್ರ ಮಾಡ್ಕೊ," ಎಂದರಂತೆ. ಆ ನಗುವೇ ನನಗೆ ಕೇಳಿಸಿದ್ದು.

ಮುಂದಿನ ಆಯುಧಪೂಜೆಗೆ ಬೊಟ್ಟು ಎಲ್ಲಿಡಬೇಕೆಂದು ಮಾವ ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾರೆ. ಪೆಟ್ಟಿಗೆಯ ನೆತ್ತಿಯ ಮೇಲೆ, ಬರಿಯ ಮರಕ್ಕೆ.