ಹಿಡಿಯಕ್ಕಿ ಚೀಲ

ಅತ್ತೆ ಸಂತೋಷಮ್ಮನ ಗೊರಕೆ ಒಂದು ಹದಕ್ಕೆ ಬರುವವರೆಗೆ ಮಾರ್ತಮ್ಮ ಕಾದಳು. ಆಮೇಲೆ ಒಲೆಯ ಪಕ್ಕದ ಗೂಟದಿಂದ ಹಿಡಿಯಕ್ಕಿ ಚೀಲವನ್ನು ಇಳಿಸಿ, ಅದರಲ್ಲಿದ್ದ ಅಕ್ಕಿಯನ್ನು ಸದ್ದಾಗದಂತೆ ಮೊರಕ್ಕೆ ಸುರಿದಳು. ಖಾಲಿ ಚೀಲದ ಅಡಿಗೆ ಎರಡು ಬೊಗಸೆ ಕೆಂಪು ಜೋಳ ಹಾಕಿದಳು. ಅದರ ಮೇಲೆ ಅಕ್ಕಿಯನ್ನು ಮತ್ತೆ ತುಂಬಿ, ಚೀಲವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಈಗ ಮೊದಲಿನಷ್ಟೇ ಭಾರವಿತ್ತು. ಬಾಯಿ ಬಿಚ್ಚಿ ಕೈ ಇಳಿಬಿಟ್ಟರೆ ಸಿಗುವುದು ಅಕ್ಕಿಯೇ. ನಾಳೆ ಭಾನುವಾರ, ಇವತ್ತು ಸಂಜೆ ಎದ್ದ ಮೇಲೆ ಅತ್ತೆ ಮಾಡುವುದೂ ಅಷ್ಟೇ, ಚೀಲವನ್ನೊಮ್ಮೆ ಎತ್ತಿ ನೋಡುವುದು, ಮೇಲೆ ಕೈಯಾಡಿಸುವುದು. ಎರಡು ಕಣ್ಣಿಗೂ ಪೊರೆ ಬಂದವಳಿಗೆ ಅದಕ್ಕಿಂತ ಹೆಚ್ಚು ಏನು ಗೊತ್ತಾದೀತು ಎಂದು ಮಾರ್ತಮ್ಮ ಧೈರ್ಯ ತಂದುಕೊಂಡಳು. ಆದರೂ ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಅದರ ಕಡೆ ನೋಡದೆ ಹಿಂದೆ ಸರಿದಳು. ಅತ್ತೆಯ ಕಣ್ಣು ತಪ್ಪಿಸಬಹುದು, ಆದರೆ ಆ ಚೀಲ ಅತ್ತೆಯದಲ್ಲವಲ್ಲ.

ಆ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ, ತೊಳೆಯುವ ಮೊದಲು, ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಬೇಕು. ಅದು ದೇವರ ಪಾಲು. ತಿಂಗಳ ಮೊದಲ ಭಾನುವಾರ ಕ್ರೈಸ್ತ ಸಭೆಯ ಹೆಂಗಸರೆಲ್ಲ ತಂತಮ್ಮ ಚೀಲ ತಂದು ದೇವಾಲಯದ ಬುಟ್ಟಿಗೆ ಸುರಿಯುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರ ಲೈನಿನಲ್ಲಿ ಅವರ ಸಭೆಯ ಮನೆಗಳು ಬೆರಳೆಣಿಕೆಯಷ್ಟು, ಆದರೆ ಹಿಡಿಯಕ್ಕಿಯಲ್ಲಿ ಯಾರೂ ಯಾರಿಗೂ ಸೋಲುವವರಲ್ಲ. ಸಂತೋಷಮ್ಮನ ಹಿಡಿಯಂತೂ ಸಭೆಗೆಲ್ಲ ಹೆಸರುವಾಸಿ. ಸೊಸೆ ಮನೆಗೆ ಬಂದ ಮೊದಲ ದಿನ ಅವಳು ಕಲಿಸಿದ್ದು ಸಾರು ಮಾಡುವುದನ್ನಲ್ಲ, ಹಿಡಿ ಎಷ್ಟು ದೊಡ್ಡದಿರಬೇಕು ಎನ್ನುವುದನ್ನು. "ಬೆರಳು ಬಿಗಿ ಮಾಡಿ ತೆಗೀಬಾರ್ದು ಕಣೆ. ದೇವ್ರು ನಮಗೆ ಕೊಡೋವಾಗ ಮುಷ್ಟಿ ಬಿಗಿ ಹಿಡಿದಿದ್ನಾ?" ಎಂದಿದ್ದಳು.

ಅರವತ್ತಾರರ ಆ ಬೇಸಿಗೆಯಲ್ಲಿ ಬಿಗಿ ಹಿಡಿಯದೆ ಬೇರೆ ದಾರಿಯಿರಲಿಲ್ಲ. ರೇಷನ್ ಅಂಗಡಿಗೆ ಅಕ್ಕಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರುತ್ತಿದ್ದದ್ದು ಅಮೆರಿಕದಿಂದ ಹಡಗಿನಲ್ಲಿ ತಂದ ಕೆಂಪು ಜೋಳ. ನೆನೆಸಿ, ಕುಟ್ಟಿ, ಎಷ್ಟು ಹೊತ್ತು ಬೇಯಿಸಿದರೂ ಅದರ ಹಟ ಬಿಡುತ್ತಿರಲಿಲ್ಲ. "ನಮ್ಮ ಫರ್ನೇಸಿಗೆ ಹಾಕಿದ್ರೆ ಕಬ್ಬಿಣನೂ ಕರಗುತ್ತೆ, ಈ ಜೋಳ ಕರಗಲ್ಲ" ಎಂದು ಧರ್ಮಪ್ಪ ಕಾರ್ಖಾನೆಯಿಂದ ಬಂದು ತಾಯಿಯನ್ನೂ ಹೆಂಡತಿಯನ್ನೂ ನಗಿಸುತ್ತಿದ್ದ. ಹಾಗೆ ನಗಿಸುತ್ತಿದ್ದವನೇ ಒಂದು ದಿನ ಶಿಫ್ಟ್ ಮುಗಿಸಿ ಬಂದು, ತಲೆ ಸಿಡಿಯುತ್ತದೆ ಎಂದು ಮಲಗಿದ. ಜ್ವರ ಇಳಿಯಲಿಲ್ಲ. ಟೈಫಾಯ್ಡು ಎಂದು ಗೊತ್ತಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವನ ಕೆನ್ನೆಯಲ್ಲಿ ಮೂಳೆ ಮಾತ್ರ ಉಳಿದಿತ್ತು.

"ಕರುಳು ಹಸಿ ಗಾಯದ ಥರ ಆಗಿದೆ ಕಣಮ್ಮ" ಎಂದು ಡಾಕ್ಟರು ಮಾರ್ತಮ್ಮನಿಗೆ ಹೇಳಿದ್ದರು. "ಹಾಲು ನಿಲ್ತಾ ಇಲ್ಲ, ವಾಂತಿ ಆಗ್ತಿದೆ. ನುಣ್ಣಗೆ ಬೆಂದ ಅಕ್ಕಿ ಗಂಜಿ ಮಾತ್ರ ಕೊಡಿ. ಪ್ರೀತಿ ಅಂತ ಬೇರೆ ಏನಾದ್ರೂ ತಿನ್ನಿಸ್ಬೇಡಿ. ಗಟ್ಟಿ ಕಾಳು ಹೋಯ್ತೋ, ಕರುಳು ತೂತಾಗುತ್ತೆ." ಪಕ್ಕದ ಮಂಚದವನಿಗೆ ಅವನ ಅಕ್ಕ ಸೆರಗಿನಲ್ಲಿ ಮುಚ್ಚಿ ತಂದ ರೊಟ್ಟಿ ತಿನ್ನಿಸಿದ್ದಳು. ಮಾರನೆಯ ದಿನ ಆ ಮಂಚ ಖಾಲಿಯಾಗಿತ್ತು. ಮಾರ್ತಮ್ಮ ಅದನ್ನು ಕಣ್ಣಾರೆ ಕಂಡಿದ್ದಳು.

ದಿನಾ ಬೆಳಿಗ್ಗೆ ಗಂಜಿ ಕಾಯಿಸಿ, ಕ್ಯಾರಿಯರಿನಲ್ಲಿ ತುಂಬಿ, ರೈಲು ಹತ್ತಿ ಶಿವಮೊಗ್ಗಕ್ಕೆ ಒಯ್ಯುತ್ತಿದ್ದಳು. ಮನೆಯ ಅಕ್ಕಿ ಮುಗಿಯಿತು. ಪಕ್ಕದ ಮನೆಯ ಅಖ್ತರ್ ಬೀ ತನ್ನಲ್ಲಿದ್ದ ಒಂದು ಪಾವು ಕೊಟ್ಟಳು, ಅದೂ ಮುಗಿಯಿತು. ಮತ್ತೆ ಹೋದಾಗ ಅವಳು ಡಬ್ಬವನ್ನೇ ತಂದು ತಲೆಕೆಳಗು ಮಾಡಿ, "ನೋಡು ಮಾರಾಯ್ತಿ, ಇದ್ರೆ ನಿಂಗೆ ಇಲ್ಲ ಅಂತೀನಾ? ನನ್ನ ಮಕ್ಳೂ ಜೋಳನೇ ತಿಂತಾ ಇರೋದು" ಎಂದು ಕಣ್ಣು ಒರೆಸಿಕೊಂಡಳು. ಕದ್ದು ಮಾರುವವರ ಹತ್ತಿರ ಅಕ್ಕಿ ಇತ್ತು, ಆದರೆ ಅದು ಲೈನಿನವರ ಕೈಗೆ ಎಟುಕುವುದಲ್ಲ. ಉಳಿದದ್ದು ಗೂಟದ ಮೇಲಿನ ಚೀಲವೊಂದೇ.

ಗುರುವಾರ ಮಾರ್ತಮ್ಮ ಬಾಯಿಬಿಟ್ಟು ಕೇಳಿದ್ದಳು. "ಅತ್ತೆ, ಆ ಚೀಲದಿಂದ ಒಂದ್ ಪಾವು ತಗೊಳ್ಲಾ? ರೇಷನ್ ಬಂದ ತಕ್ಷಣ ತುಂಬಿಬಿಡ್ತೀನಿ."

"ಯಾವ ಚೀಲ?" ಎಂದಳು ಸಂತೋಷಮ್ಮ, ಗೊತ್ತಿದ್ದೂ.

"ಹಿಡಿಯಕ್ಕಿದು."

ಮುದುಕಿ ಗೂಟದ ಕಡೆ ಮುಖ ಎತ್ತಿದಳು. ಆಮೇಲೆ, "ಅದು ನಿಂದೂ ಅಲ್ಲ, ನಂದೂ ಅಲ್ಲ. ಎರಡು ಮಕ್ಕಳನ್ನ ಮಣ್ಣಿಗೆ ಕೊಟ್ಟೋಳು ನಾನು. ಆಗ್ಲೂ ಅದಕ್ಕೆ ಕೈ ಹಾಕ್ಲಿಲ್ಲ. ದೇವರ ಕೈಯಿಂದ ಕಿತ್ಕೊಂಡು ಮಗನ ಬಾಯಿಗೆ ಇಟ್ರೆ ಅವನಿಗೆ ದಕ್ಕುತ್ತೇನೆ? ಹೋದ ತಿಂಗಳು ಅಕ್ಕಿ ಕಮ್ಮಿ ಅಂತ ನೀನು ಹಿಡಿ ತಪ್ಪಿಸ್ದೆ. ಆ ವಾರನೇ ಅವನು ಮಲಗಿದ್ದು. ಮರ್ತುಹೋಯ್ತಾ?" ಎಂದಳು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವಳದು ಕಲ್ಲುಮನಸ್ಸು ಎಂದು ಯಾರೂ ಹೇಳುವಂತಿಲ್ಲ. ಇರುವ ಒಬ್ಬ ಮಗನನ್ನು ಉಳಿಸಿಕೊಳ್ಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ, ದೇವರಿಗೆ ಸಿಟ್ಟು ಬರಿಸದೆ ಇರುವುದು.

ಮಾರ್ತಮ್ಮ ಆ ದಿನವೂ, ಮರುದಿನವೂ, ಅದರ ಮರುದಿನವೂ ಕದ್ದಳು. ಅತ್ತೆ ಬಚ್ಚಲಿಗೆ ಹೋದ ಹೊತ್ತು ನೋಡಿ ಚೀಲಕ್ಕೆ ಕೈ ಹಾಕುವಾಗ, "ದೇವರೇ, ಶಿಕ್ಷೆ ಕೊಡೋದಿದ್ರೆ ನನಗೆ ಕೊಡು. ಅವರ ಹೊಟ್ಟೆಗೆ ಬೇಡ" ಎಂದು ಬೇಡಿಕೊಳ್ಳುತ್ತಿದ್ದಳು. ಅಂಥ ಪ್ರಾರ್ಥನೆಯನ್ನು ದೇವರು ಕೇಳುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕದಿಯುತ್ತಲೇ ಪ್ರಾರ್ಥನೆ ಮಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಭಾನುವಾರ ದೇವಾಲಯದಲ್ಲಿ ಕಾಣಿಕೆಯ ಹೊತ್ತು ಬಂತು. ಎಲ್ಲರೂ ತಲೆ ತಗ್ಗಿಸಿ ಹಾಡುತ್ತಿದ್ದರು. ಸಭೆಗೆಲ್ಲ ಹಿರಿಯ ಹೆಂಗಸಿನ ಚೀಲ ಮೊದಲು ಬೀಳಬೇಕು ಎನ್ನುವುದು ಅಲ್ಲಿಯ ರೂಢಿ, ಆ ಮರ್ಯಾದೆ ಸಂತೋಷಮ್ಮನದು. ಅವಳು ಸೊಸೆಯ ಮೊಣಕೈ ಹಿಡಿದು ಎದ್ದಳು. ಮುಂದೆ ಬಿಳಿ ಬಟ್ಟೆ ಹಾಸಿದ ದೊಡ್ಡ ಬುಟ್ಟಿ ಖಾಲಿಯಿತ್ತು. ಅದನ್ನು ಕಂಡ ಕ್ಷಣಕ್ಕೆ ಮಾರ್ತಮ್ಮನಿಗೆ ತಾನು ಮಾಡಿದ ತಪ್ಪು ಹೊಳೆಯಿತು. ಅತ್ತೆಯ ಕೈಗೆ ಸಿಗಬಾರದೆಂದು ಜೋಳವನ್ನು ಅಡಿಗೆ ಹಾಕಿದ್ದಳು. ಚೀಲ ಬಗ್ಗಿಸಿದರೆ ಅಡಿಯದು ಕೊನೆಗೆ ಬೀಳುತ್ತದೆ, ಕೊನೆಗೆ ಬಿದ್ದದ್ದು ಎಲ್ಲಕ್ಕಿಂತ ಮೇಲೆ ಕೂರುತ್ತದೆ.

ಅರ್ಧ ಸುರಿದು ಚೀಲ ಮಡಚಿಕೊಳ್ಳೋಣ ಎಂದುಕೊಂಡಳು. ಆದರೆ ಚೀಲದ ತಳದ ಎರಡು ಮೂಲೆಗಳನ್ನು ಮುದುಕಿಯೇ ಹಿಡಿದಿದ್ದಳು. ದೇವರದ್ದು ಒಂದು ಕಾಳೂ ಉಳಿಯಬಾರದೆಂದು ಪ್ರತಿ ತಿಂಗಳೂ ಅವಳು ಅದನ್ನು ಕೊಡವಿಯೇ ಬಿಡುವುದು. ಮೊದಲು ಅಕ್ಕಿ ಸರ್ರನೆ ಇಳಿಯಿತು. ಆಮೇಲೆ ಬಿದ್ದದ್ದರ ಸದ್ದೇ ಬೇರೆ. ಕಾಳು ಪಟಪಟನೆ ಉದುರಿ, ರಾಶಿಯ ಮೇಲಿಂದ ಉರುಳಿ, ಬುಟ್ಟಿಯ ಅಂಚಿಗೆ ಬಡಿಯಿತು. ಸಂತೋಷಮ್ಮನ ಕೈ ಅರ್ಧದಲ್ಲೇ ನಿಂತಿತು. ಪೊರೆಗಣ್ಣು ಬುಟ್ಟಿಯ ಕಡೆಗಲ್ಲ, ಸೊಸೆಯ ಮುಖದ ಕಡೆಗೆ ತಿರುಗಿತು.

ಬಿಳಿ ಅಕ್ಕಿಯ ನೆತ್ತಿಯ ಮೇಲೆ ಕೆಂಪು ಜೋಳ ಎದ್ದು ಕಾಣುತ್ತಿತ್ತು. ಮಾರ್ತಮ್ಮನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ಅಷ್ಟರಲ್ಲಿ ಹಿಂದೆಯೇ ಬಂದ ಸಭೆಯ ವಿಶಾಲಮ್ಮ ಅವರಿಬ್ಬರೂ ಸರಿಯುವುದನ್ನೂ ಕಾಯದೆ ತನ್ನ ಚೀಲವನ್ನು ಗಡಿಬಿಡಿಯಲ್ಲಿ ಸುರಿದು, ರಾಶಿಯನ್ನು ಸಮ ಮಾಡುವವಳಂತೆ ಕೈಯಿಂದ ಕಲಸಿಬಿಟ್ಟಳು. ಮಾರ್ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಎದ್ದು ಹೋದರು. ಮಾರ್ತಮ್ಮ ಏಳಲಿಲ್ಲ, ಯಾವ ಮುಖ ಹೊತ್ತು ಆ ರೊಟ್ಟಿಗೆ ಕೈಯೊಡ್ಡುವುದು? ಸಂತೋಷಮ್ಮನೂ ಏಳಲಿಲ್ಲ. ಮಾರ್ತಮ್ಮನಿಗೆ ನೆನಪಿದ್ದ ಮಟ್ಟಿಗೆ ಅತ್ತೆ ಅದನ್ನು ತಪ್ಪಿಸಿದ್ದು ಅದೇ ಮೊದಲು. ಖಾಲಿಯಾದ ಸಾಲಿನಲ್ಲಿ ಅತ್ತೆ ಸೊಸೆ ಇಬ್ಬರೇ ಚಾಪೆಯ ಮೇಲೆ ಕೂತಿದ್ದರು.

ಮನೆಗೆ ಬಂದು ಸಂತೋಷಮ್ಮ ಖಾಲಿ ಚೀಲವನ್ನು ತೊಡೆಯ ಮೇಲೆ ಹರಡಿ, ಅದರ ಹೊಲಿಗೆಯನ್ನು ಸವರುತ್ತ ಕೂತಳು. ಮಾರ್ತಮ್ಮ ಒಲೆಯ ಮುಂದೆ ಕುಕ್ಕರಿಸಿದಳು. ಹಚ್ಚಿದರೆ ಗಂಜಿಗೆ ಹಾಕಲು ಒಂದು ಕಾಳು ಅಕ್ಕಿಯೂ ಇರಲಿಲ್ಲ. ಬೆಳಿಗ್ಗೆ ಗಂಜಿ ಹೋಗಿಲ್ಲ, ಅಲ್ಲಿ ಅವನು ಬಾಗಿಲ ಕಡೆ ನೋಡುತ್ತ ಮಲಗಿರುತ್ತಾನೆ. ನಿನ್ನೆ ಕೈ ಹಿಡಿದಾಗ ಅವನ ಬೆರಳಿಗೆ ತಿರುಗಿ ಹಿಡಿಯುವಷ್ಟೂ ಬಲವಿರಲಿಲ್ಲ.

"ಅತ್ತೆ, ನಾನು..." ಎಂದು ಶುರುಮಾಡಿದಳು.

"ಸುಮ್ಮನಿರು."

"ಅವರು ಉಪವಾಸ ಸಾಯ್ತಾರೆ ಅತ್ತೆ. ದೇವರಿಗೆ ಬೇಕಾದ್ರೆ ನನ್ನ..."

"ಸುಮ್ಮನಿರು ಅಂದ್ನಲ್ಲ!"

ಆಗ ಬಾಗಿಲಲ್ಲಿ ನೆರಳು ಕಂಡಿತು. ವಿಶಾಲಮ್ಮ ಸೊಂಟದ ಮೇಲೆ ಬುಟ್ಟಿ ಹೊತ್ತು ನಿಂತಿದ್ದಳು, ದೇವಾಲಯದ ಅದೇ ಬುಟ್ಟಿ. "ಈ ತಿಂಗಳ ಹಿಡಿಯಕ್ಕಿ ಧರ್ಮಪ್ಪನ ಗಂಜಿಗೆ ಹೋಗ್ಲಿ ಅಂದ್ರು ಪಾದ್ರಿ ಅಯ್ಯನೋರು. ಸಭೆಯೋರೆಲ್ಲ ಹೂಂ ಅಂದ್ರು" ಎಂದಳು. ಬುಟ್ಟಿ ಇಳಿಸಿದಳು. ಹೊರಟವಳು ಹೊಸ್ತಿಲಲ್ಲಿ ನಿಂತು, ಬೀದಿಯ ಕಡೆ ನೋಡುತ್ತಲೇ, "ಚೆನ್ನಾಗಿ ಆರಿಸ್ಕೊಂಡು ಮಾಡಮ್ಮ. ಒಂದೊಂದೇ ಕಾಳು ನೋಡಿ ಆರಿಸು" ಎಂದು ಹೇಳಿ ಸರಸರನೆ ಹೋದಳು.

ಮಾರ್ತಮ್ಮ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತಳು. ಒಂದು ಕಾಳು ತಪ್ಪಿದರೂ ಗಂಡನ ಕರುಳಿಗೇ ಹೋಗುತ್ತದೆ. ತಾನು ಹಾಕಿದ ಜೋಳವನ್ನು ತಾನೇ ಆರಿಸಿ ತೆಗೆಯುವ ಶಿಕ್ಷೆಯನ್ನು ದೇವರು ಎಷ್ಟು ಬೇಗ ಕೊಟ್ಟುಬಿಟ್ಟ ಎಂದುಕೊಂಡಳು. ಸಂತೋಷಮ್ಮ ಬಂದು ಎದುರು ಕೂತು, ಕೇಳದೆಯೇ ಮೊರದ ಇನ್ನೊಂದು ಅಂಚಿಗೆ ಕೈ ಹಾಕಿದಳು. ಅವಳ ಬೆರಳು ಅಕ್ಕಿಯೊಳಗೆ ನಿಧಾನ ಹರಿದಾಡಿ, ದುಂಡಗಿನ ಕಾಳು ಸಿಕ್ಕಲ್ಲಿ ನಿಂತು, ಅದನ್ನು ಹೆಕ್ಕಿ ನೆಲದ ಮೇಲಿಡುತ್ತಿತ್ತು.

ಮೊರ ಖಾಲಿಯಾಯಿತು, ಮತ್ತೆ ತುಂಬಿದರು. ನೆಲದ ಮೇಲಿನ ಕೆಂಪು ಗುಡ್ಡೆ ಎರಡು ಬೊಗಸೆ ದಾಟಿತು. ಬುಟ್ಟಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಅಕ್ಕಿಯಿತ್ತು, ಆ ಅಕ್ಕಿಯಲ್ಲೂ ಜೋಳವಿತ್ತು. ಮಾರ್ತಮ್ಮನ ಕೈ ನಿಂತುಹೋಯಿತು. ಗುಡ್ಡೆಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ಗಡಿಬಿಡಿಯಲ್ಲಿ ರಾಶಿ ಕಲಸುತ್ತಿದ್ದ ವಿಶಾಲಮ್ಮನ ಕೈ ಕಣ್ಣಿಗೆ ಕಟ್ಟಿತು. ತಲೆ ತಗ್ಗಿಸಿ ಹಾಡುತ್ತಿದ್ದವರೆಲ್ಲ ನೆನಪಾದರು.

ಸಂತೋಷಮ್ಮ ಗುಡ್ಡೆಯ ಮೇಲೆ ಅಂಗೈ ಇಟ್ಟು ಅದರ ಎತ್ತರ ನೋಡಿದಳು.

"ಇಷ್ಟೊಂದು ನೀನು ಹಾಕಿರ್ಲಿಲ್ಲ" ಎಂದಳು.

ಮಾರ್ತಮ್ಮನಿಗೆ ತಡೆಯಲಾಗಲಿಲ್ಲ. ಮೊರದ ಮೇಲೆ ಬಾಗಿ ಬಿಕ್ಕಿದಳು. "ಅಕ್ಕಿ ಒದ್ದೆಯಾಗುತ್ತೆ, ಅತ್ಲಾಗೆ ತಿರುಗಿ ಅಳು" ಎಂದು ಗದರಿಸಿದ ಮುದುಕಿಯ ದನಿಯೂ ಗಟ್ಟಿಯಾಗಿರಲಿಲ್ಲ.

ಒಲೆ ಹಚ್ಚಿ, ನೀರಿಟ್ಟು, ಮಾರ್ತಮ್ಮ ಒಂದು ಪಾವು ಅಕ್ಕಿ ಅಳೆದಳು. ತೊಳೆಯುವ ಮೊದಲು ಕೈ ರೂಢಿಯಂತೆ ತಾನೇ ಹೋಗಿ ಒಂದು ಹಿಡಿ ತೆಗೆಯಿತು. ಗೂಟದ ಕಡೆ ಹೊರಟವಳ ಕೈಯನ್ನು ಸಂತೋಷಮ್ಮ ತಡವಿ ಹಿಡಿದಳು. ಹಿಡಿದುಕೊಂಡೇ ಒಲೆಯವರೆಗೆ ಎಳೆದು ತಂದು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಹಿಡಿಯನ್ನೂ ಪಾತ್ರೆಗೆ ಬೀಳಿಸಿದಳು. "ಇನ್ನೂ ಸ್ವಲ್ಪ ನೀರು ಹಾಕು. ನುಣ್ಣಗಾಗ್ಲಿ" ಎಂದಳು.

ಸಂಜೆಯ ರೈಲು ತುಂಗೆಯ ಸೇತುವೆ ದಾಟುವಾಗ ಕ್ಯಾರಿಯರ್ ಇನ್ನೂ ಬಿಸಿಯಿತ್ತು. ಮಾರ್ತಮ್ಮ ಅದನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದಳು.

ಧರ್ಮಪ್ಪ ಕಣ್ಣು ಮುಚ್ಚಿ ಮಲಗಿದ್ದ. ಅವಳು ಕರೆದ ಮೇಲೆ ರೆಪ್ಪೆ ತೆರೆದು, ಪಾತ್ರೆ ನೋಡಿ, "ಅಕ್ಕಿ ಎಲ್ಲಿ ಸಿಕ್ತು?" ಎಂದ. ಗಾಳಿಯಷ್ಟೇ ಬಂತು, ದನಿಯಿರಲಿಲ್ಲ.

"ಸಭೆಯೋರು ಕೊಟ್ರು."

ಅವನ ತುಟಿ ಸ್ವಲ್ಪ ಹೊತ್ತು ಅಲುಗಾಡಿತು. ಊಟದ ಮೊದಲಿನ ಪ್ರಾರ್ಥನೆ ಮುಗಿದದ್ದು ತಿಳಿದು ಅವಳು ಚಮಚ ಬಾಯಿಗಿಟ್ಟಳು. ನುಂಗಿದ. ಇನ್ನೊಂದು ಚಮಚವನ್ನೂ ನುಂಗಿದ. ಮೂರನೆಯದಕ್ಕೆ ಅವನ ಮುಖ ಬಿಗಿಯಿತು, ನುಂಗದೆ ನಿಲ್ಲಿಸಿ ನಾಲಿಗೆಯನ್ನು ಹೊರಚಾಚಿದ. ತುದಿಯಲ್ಲಿ ಒಂದು ಕೆಂಪು ಕಾಳಿತ್ತು.

ಮಾರ್ತಮ್ಮ ಉಗುರಿನಿಂದ ಅದನ್ನು ತೆಗೆದು, ಇನ್ನೇನಾದರೂ ಇದೆಯೇ ಎಂದು ಅವನ ಬಾಯಿಯೊಳಗೆಲ್ಲ ಬೆರಳಾಡಿಸಿ ನೋಡಿದಳು. ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಂಜಿಯನ್ನು ಚಮಚದಿಂದ ತಳದವರೆಗೆ ಕೆದಕಿದಳು. ಅದೊಂದೇ ಇದ್ದದ್ದು. ಅತ್ತೆಯ ಬೆರಳಿಗೂ ತನ್ನ ಕಣ್ಣಿಗೂ ತಪ್ಪಿಸಿಕೊಂಡ ಆ ಕಾಳು ಯಾರ ಚೀಲದಿಂದ ಬಂದದ್ದೋ, ಅಷ್ಟು ಹೊತ್ತು ಕುದಿದರೂ ಗಟ್ಟಿಯಾಗಿಯೇ ಇತ್ತು. ಅದನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಸೆರಗಿನ ಚುಂಗಿನಲ್ಲಿಟ್ಟು ಗಂಟು ಹಾಕಿಕೊಂಡು, ಮತ್ತೆ ಚಮಚ ಎತ್ತಿದಳು.

ಅವನು ಬಾಯಿ ತೆರೆದ.