ನೀರಿನ ಗೆರೆ ಎಳೆದ ಮೌಸ್

ನಾನು ಒಂದು ಮೌಸ್. ಕಂಪ್ಯೂಟರಿನ ಪಕ್ಕದಲ್ಲಿ ಬಾಲ ಚಾಚಿಕೊಂಡು ಕೂತಿರುತ್ತದಲ್ಲ, ಅದೇ. ಯಾವುದೋ ದೂರದೇಶದ ಕಾರ್ಖಾನೆಯಲ್ಲಿ ಹುಟ್ಟಿದೆ. ಕರಿ ಪ್ಲಾಸ್ಟಿಕ್ಕಿನ ಮೈ, ಎರಡು ಗುಂಡಿ, ನಡುವೆ ಒಂದು ಚಕ್ರ. ಕಣ್ಣು ಮಾತ್ರ ಒಂದೇ, ಅದೂ ಹೊಟ್ಟೆಯಡಿಗೆ. ಹೀಗಾಗಿ ಮೇಜು ಬಿಟ್ಟು ಬೇರೇನನ್ನೂ ನಾನು ಕಂಡವನಲ್ಲ. ಪರದೆಯ ಮೇಲೆ ಏನು ಎಳೆಯುತ್ತಿದ್ದೇನೆ ಎಂಬುದು ನನಗೇ ಗೊತ್ತಾಗುವುದಿಲ್ಲ. ಒಡೆಯರ ಅಂಗೈ, ಅವರ ಬಾಯಿಂದ ಬೀಳುವ ಮಾತು, ಇವೆರಡರಿಂದಲೇ ಲೋಕವನ್ನು ತಿಳಿದುಕೊಳ್ಳಬೇಕು. ಕುತೂಹಲ ಹೆಚ್ಚಾಗದೆ ಇನ್ನೇನು?

ನನ್ನನ್ನು ಕೊಂಡದ್ದು ಗದಗದ ಕಡೆಯ ಒಂದು ಸಣ್ಣ ಊರಿನ ಪುರಸಭೆ. ಮೊದಲ ಒಡೆಯರು ಆಪರೇಟರ್ ರುದ್ರಗೌಡರು. ಚುನಾವಣೆಗೆ ಮುನ್ನ ಊರಿನ ವಾರ್ಡುಗಳನ್ನು ಮತ್ತೆ ಹಂಚಬೇಕಿತ್ತು. ನಕ್ಷೆಯ ತಂತ್ರಾಂಶದಲ್ಲಿ ಗಡಿಯನ್ನು ಹಿಡಿದು ಎಳೆದರೆ ಆ ಕಡೆಯ ಜನಸಂಖ್ಯೆ ಇಳಿದು ಈ ಕಡೆಯದು ಏರುತ್ತಿತ್ತಂತೆ. ಗೌಡರ ಬೆನ್ನ ಹಿಂದೆ ಸದಾ ಇಬ್ಬರೋ ಮೂವರೋ ಸದಸ್ಯರು.

“ಗೌಡ್ರ, ಆ ಮಠದ ಓಣಿ ಸ್ವಲ್ಪ ನಮ್ಮ ಕಡಿ ಜಗ್ಗರಲಾ” ಎಂದು ಒಬ್ಬರು.

“ಜಗ್ಗಾಕ ಅದೇನ್ ಹಾಸಿಗೇನ್ರಿ?” ಎಂದು ಗೌಡರು.

ಹಾಗೆನ್ನುವಾಗಲೂ ಅವರ ಅಂಗೈ ಬೆವರುತ್ತಿತ್ತು. ಒಂದು ಗೆರೆಗಾಗಿ ಮನುಷ್ಯರು ಇಷ್ಟು ಬಡಿದಾಡುವುದೇಕೆ ಎಂದು ನನಗೆ ಬೆರಗು.

ಗೌಡರಿಗೆ ವರ್ಗವಾಯಿತು. ನಾನು ಕಿರಿಯ ಎಂಜಿನಿಯರ್ ಮಂದಾಕಿನಿ ಮೇಡಂ ಕೈಗೆ ಬಂದೆ. ತಣ್ಣನೆಯ ಕೈ, ಅಚ್ಚುಕಟ್ಟು ಸ್ವಭಾವ. ಆ ಊರಿಗೆ ನಳದ ನೀರು ವಾರಕ್ಕೊಮ್ಮೆ. ಊರನ್ನು ವಲಯಗಳಾಗಿ ಮಾಡಿ, ಒಂದೊಂದು ವಲಯಕ್ಕೆ ಒಂದೊಂದು ದಿನ ನೀರು ಬಿಡುತ್ತಿದ್ದರು. ಹೊಸ ಪೈಪು ಬಿದ್ದ ಮೇಲೆ ಆ ವಲಯಗಳ ಗಡಿಯನ್ನು ಹೊಸದಾಗಿ ಎಳೆಯುವ ಕೆಲಸ ನಮ್ಮ ಪಾಲಿಗೆ ಬಂತು.

ಹಳೆಯ ಗಡಿ ಬಡಿಗೇರ ಓಣಿಯ ನಟ್ಟನಡುವೆ ಹಾದಿತ್ತು. ಎಡಗಡೆ ಮನೆಗಳಿಗೆ ಸೋಮವಾರ ನೀರು, ಬಲಗಡೆಯವಕ್ಕೆ ಗುರುವಾರ. ನಕ್ಷೆಯಲ್ಲಿ ವಲಯಕ್ಕೊಂದು ಬಣ್ಣವಂತೆ. “ಒಂದ ಓಣಿಗೆ ಎರಡು ಬಣ್ಣ, ಚಂದ ಕಾಣಂಗಿಲ್ಲ” ಎಂದು ಮೇಡಂ ಗೆರೆಯನ್ನು ಓಣಿಯ ಹಿಂದಕ್ಕೆ ಸರಿಸಿ, ಎಲ್ಲರಿಗೂ ಸೋಮವಾರವೇ ಮಾಡಿದರು. ಕರಡು ನಕ್ಷೆಯನ್ನು ಆಕ್ಷೇಪಣೆಗೆಂದು ಪುರಸಭೆಯ ಗೋಡೆಗೆ ಅಂಟಿಸಿದರು.

ಮರುದಿನವೇ ಆ ಓಣಿಯ ಬಸಲಿಂಗವ್ವ ಬಂದಳು.

“ಬಾಯಾರ, ನಮ್ಮ ಓಣಿ ಗೆರಿ ಮೊದ್ಲ ಇದ್ದಲ್ಲೇ ಇರ್ಲಿ.”

“ಯಾಕವ್ವಾ? ಎಲ್ಲಾರಿಗೂ ಒಂದ ದಿನ ಬಂದ್ರ ಚಲೋ ಅಲ್ಲೇನು?”

“ಎದುರು ಮನಿ ನಮ್ಮಕ್ಕಂದ್ರಿ, ಶಾವಂತ್ರೆವ್ವಂದು. ಇಬ್ಬರದೂ ಒಂದೊಂದ ಬ್ಯಾರಲ್. ವಾರದ ನಡುವ ಖಾಲಿ ಆಕ್ಕಾವು. ಸೋಮವಾರ ನಾ ಪೈಪು ಅಕಿ ಬ್ಯಾರಲ್ಲಿಗೆ ಹಾಕ್ತೀನಿ. ಗುರುವಾರ ಅಕಿ ನಮಗ ಹಾಕ್ತಾಳ.”

“ಅಷ್ಟ ಹೌದಲ್ಲ? ಇನ್ನೊಂದೊಂದು ಬ್ಯಾರಲ್ ಇಟ್ಟುಕೊಳ್ರಿ.”

“ಇಡಬೌದ್ರಿ. ಆದ್ರ ಅಕಿ ನಾನು ಮಾತು ಬಿಟ್ಟು ಭಾಳ ವರ್ಷ ಆತು. ಈ ನೀರು ಹಾಕೋದೊಂದ ಉಳದೈತಿ. ಇದೂ ಹೋದ್ರ ನನಗ ಅಕ್ಕ ಇಲ್ಲದಂಗ.”

ಅಕ್ಕತಂಗಿಯರು ಮಾತು ಬಿಟ್ಟದ್ದು ಯಾಕೆ? ಕೇಳಿ ಮೇಡಂ, ಕೇಳಿ ಎಂದು ಒಳಗೊಳಗೇ ಒದ್ದಾಡಿದೆ. ಅವರು ಕೇಳಲಿಲ್ಲ. ಗೆರೆಯನ್ನು ಹಿಡಿದು ಮತ್ತೆ ಓಣಿಯ ನಡುವೆ ತಂದಿಟ್ಟರು. ಮುಖ್ಯಾಧಿಕಾರಿ ಸಾಹೇಬರು ನಕ್ಷೆ ನೋಡಿ “ಇದ್ಯಾಕ ಹಿಂಗ?” ಎಂದಾಗ “ಅಲ್ಲಿ ಜನ ಹಂಗ ರೂಢಿ ಮಾಡ್ಕೊಂಡಾರ ಸರ್” ಎಂದಷ್ಟೇ ಹೇಳಿದರು.

ವರ್ಷಗಳು ಉರುಳಿದವು. ಊರಿಗೆ ಹಗಲೂ ರಾತ್ರಿ ನೀರು ಕೊಡುವ ಯೋಜನೆ ಬಂತು. ಇನ್ನು ಸರದಿಯೂ ಇಲ್ಲ, ವಲಯವೂ ಇಲ್ಲ. ಮೇಡಂ ನೀರಿನ ಗೆರೆಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತ ಬಂದರು. ಬಡಿಗೇರ ಓಣಿಗೆ ಬಂದಾಗ ಬೆರಳು ನನ್ನ ಗುಂಡಿಯ ಮೇಲೆ ನಿಂತುಬಿಟ್ಟಿತು. ಊರಿಗೆಲ್ಲ ನೀರು ಬರುವುದನ್ನು ಬೇಡವೆನ್ನಲು ಸಾಧ್ಯವೇ? ಒತ್ತಿದರು. ನನಗೆ ನಿಜಕ್ಕೂ ಸಂಕಟವಾಯಿತು.

ಅದೇ ವಾರ ನನ್ನ ಎಡಗುಂಡಿ ಕೆಟ್ಟಿತು. ಬಾಲವಿಲ್ಲದ ಹೊಸ ಮೌಸ್ ಬಂತು. ನನ್ನನ್ನು ಕಿಟಕಿಯ ಪಕ್ಕದ ಕಡತಗಳ ಮೇಲೆ ಒಗೆದರು. ತಂತಿ ಕಿತ್ತ ಮೇಲೆ ಆ ಒಂದು ಕಣ್ಣೂ ಹೋಯಿತು, ಕಿವಿಯೊಂದು ಉಳಿದಿದೆ. ಊರಿನ ಅದೆಷ್ಟೋ ಗಡಿಗಳು ನನ್ನಿಂದ ಹಿಂದೆ ಮುಂದೆ ಸರಿದವು. ಆ ಗೆರೆಗಳ ಆಚೀಚೆ ಜನ ಹೇಗೆ ಬದುಕುತ್ತಾರೆಂಬುದು ಮಾತ್ರ ಯಾರಾದರೂ ಬಂದು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೊನ್ನೆ ಬಸಲಿಂಗವ್ವನ ದನಿ ಕೇಳಿಸಿತು. ಮೇಡಂಗೆಂದು ಡಬ್ಬಿಯಲ್ಲಿ ಗೋಧಿಯ ಸಿಹಿ ಮಾದಲಿ ತಂದಿದ್ದಳು.

“ಅಕ್ಕ ನಮ್ಮ ಮನಿಗೆ ಬಂದಿದ್ಲರಿ, ಖಾಲಿ ಕೊಡ ಹಿಡಕೊಂಡು. ‘ನಮ್ಮ ನಳಕ್ಕ ಇವತ್ತ ನೀರು ಬಂದಿಲ್ಲ’ ಅಂದ್ಲು.”

ಮೇಡಂಗೆ ಗಾಬರಿ. “ಬಂದಿಲ್ಲಾ? ಎಲ್ಲಾ ಕಡೆ ಬರಾಕತ್ತೈತಲ್ಲ?”

“ಬರಾಕತ್ತೈತ್ರಿ. ಅಕಿ ಬಾಗಲ ಮುಂದಿನ ನಳ ಸುರಿಯೋದು ನಮ್ಮ ಕಟ್ಟಿ ಮ್ಯಾಲಿಂದನ ಕಾಣತಿತ್ತು.”

“ಮತ್ತ ನೀ ಏನಂದಿ?”

“ಏನನ್ಲಿ, ಒಳಗ ಬಾ ಅಂದೆ. ಕೊಡ ತುಂಬಿಸಿಟ್ಟೆ. ಸಂಜಿತನಕ ಕುಂತಿದ್ಲು.”

ಕುರ್ಚಿ ಹಿಂದೆ ಸರಿದ ಸಪ್ಪಳವಾಯಿತು. ಬಸಲಿಂಗವ್ವ ಹೊರಡಲು ಎದ್ದಿದ್ದಳು.

“ಹೋಗುವಾಗ ತುಂಬಿದ ಕೊಡ ನಮ್ಮಲ್ಲೇ ಬಿಟ್ಟು ಹೋಗ್ಯಾಳ. ಇವತ್ತ ಅದನ್ನ ಮುಟ್ಟಸಾಕ ನಾ ಹೋಗಬೇಕ್ರಿ.”