ಅಳುವ ಪ್ಲೇಟು

“ಎತ್ತಾಂಗಿಲ್ಲ ಅಂದ್ರ ಎತ್ತಾಂಗಿಲ್ಲ,” ಎಂದು ಇಮಾಮ್ ಬೀ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು.

ಒಳಗೆ ಗೋಡೆಗೆ ಆನಿಸಿ ಕೂರಿಸಿದ್ದ ದುರುಗಮ್ಮನ ಹಣೆಗೆ ವಿಭೂತಿ ಬಳಿದಾಗಿತ್ತು. ಹೊರಗೆ ಚಟ್ಟ ಕಟ್ಟಿ ಮುಗಿದಿತ್ತು. ಹೊರುವ ನಾಲ್ವರು ಬೀಡಿ ಸೇದಿ ಸೇದಿ ಬೇಸತ್ತಿದ್ದರು.

“ಕುಣಿ ತೋಡಿ ಎಷ್ಟೊತ್ತಾತು! ಹೊತ್ತು ಮುಳುಗೋದ್ರಾಗ ಮಣ್ಣು ಮಾಡಬೇಕಲ್ಲ ತಂಗಿ,” ಎಂದ ಮೂಕಪ್ಪ. ಓಣಿಯ ಹಿರಿಯ, ಭಜನೆಗೆ ಹಾರ್ಮೋನಿಯಂ ಪೇಟಿ ಬಾರಿಸುವವನೂ ಅವನೇ. ಪೇಟಿ ಆಗಲೇ ಕೊರಳಲ್ಲಿ ತೂಗುತ್ತಿತ್ತು.

“ರಾಯಚೂರ ಮೋಟಾರು ಬರ್ಲಿ ಕಾಕಾ. ಆಕಿ ಅಣ್ಣನ ಮಗ ಹಂಪಯ್ಯ ಹಾಡಿನ ಪೆಟಿಗಿ ತರ್ತಾನ. ನಾ ಆಕೀಗೆ ಮಾತು ಕೊಟ್ಟೀನಿ.”

ಬೆಳಗಿನ ಮೋಟಾರಿನ ಡ್ರೈವರನ ಕೈಲಿ ಸುದ್ದಿ ಹೋಗಿತ್ತು. ಆದರೆ ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡುವ ಮೋಟಾರು ಯಾವ ಏರಿನಲ್ಲಿ ಉಸಿರು ಬಿಟ್ಟು ನಿಂತಿತ್ತೋ. ಮಾನ್ವಿಯ ಆ ಓಣಿಗೆ ಅಂಥ ಕಾತರವೂ ಇರಲಿಲ್ಲ ಬಿಡಿ. ದುರುಗಮ್ಮ ಸತ್ತಳೆಂದು ಕಣ್ಣು ಒದ್ದೆ ಮಾಡಿಕೊಂಡವರು ಒಬ್ಬರೂ ಇಲ್ಲ. ಕೆಟ್ಟವಳೆಂದಲ್ಲ. ಮಕ್ಕಳಾಗಲಿಲ್ಲವೆಂದು ದೇವದುರ್ಗದ ಗಂಡನ ಮನೆಯವರು ಹರೆಯದಲ್ಲೇ ಹೊರಗೆ ಹಾಕಿದ್ದರು. ರಾಯಚೂರಿನ ರೈಲ್ವೆ ಬಂಗಲೆಯಲ್ಲಿ ಆಯಾ ಆಗಿ ಪರರ ಮಕ್ಕಳನ್ನು ಎತ್ತಿ ಆಡಿಸಿ, ಸೊಂಟ ಬಿದ್ದ ಮೇಲೆ ಇಲ್ಲಿಗೆ ಬಂದವಳು. ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುವುದು ಮಗಳ ಕೆಲಸ, ಇಲ್ಲವೇ ಅಕ್ಕತಂಗಿಯರದು. ಆಕೆಗೆ ಇಬ್ಬರೂ ಇಲ್ಲ. ಪಕ್ಕದ ಮನೆಯ ಮಾನಮ್ಮ ಶಾಸ್ತ್ರಕ್ಕೆಂದು ಸೆರಗು ಬಾಯಿಗಿಟ್ಟು ಒಂದೆರಡು ಸಲ “ಯವ್ವಾ” ಎಂದು, ಆಡು ಕಟ್ಟಲು ಹೋಗಿ ಬಂದಿದ್ದಳು.

ಇಮಾಮ್ ಬೀಗಂತೂ ಅಳುವೇ ಬರುತ್ತಿರಲಿಲ್ಲ. ಗಂಡ ಕಾಲರಾದಲ್ಲಿ ತೀರಿಕೊಂಡ ವರ್ಷವೇ ಅದೆಲ್ಲ ಬತ್ತಿಹೋಗಿತ್ತು.

*

ದುರುಗಮ್ಮ ಇದ್ದಾಗ, ಸಂಜೆಯಾದರೆ ಇಮಾಮ್ ಬೀ ಹೊಲಿಯುವ ಕುಬುಸ ಹಿಡಿದುಕೊಂಡು ಬರುತ್ತಿದ್ದಳು; ದುರುಗಮ್ಮ ಪೆಟ್ಟಿಗೆ ತೆರೆಯುತ್ತಿದ್ದಳು. ಬಂಗಲೆಯವರು ವಿಲಾಯತಿಗೆ ಹೊರಟಾಗ, ಕೆಟ್ಟದ್ದು ಒಯ್ಯಿ ಎಂದು ಕೊಟ್ಟ ಗ್ರಾಮೋಫೋನು. ಅದರ ಜೊತೆ ಬಂದದ್ದು ಒಂದೇ ಪ್ಲೇಟು. ಸೂಜಿ ಸಿಗದೆ ಜಾಲಿಮುಳ್ಳು ಸಿಕ್ಕಿಸುತ್ತಿದ್ದಳು. ಒಳಗಿನ ಗ್ರೀಸು ಗಟ್ಟಿಯಾದ ಯಂತ್ರ ನರಳುತ್ತ ಸುತ್ತುತ್ತಿತ್ತು. ಒಂದು ಹೆಂಗಸಿನ ಧ್ವನಿ ತಗ್ಗಿನಲ್ಲಿ, ಎಳೆದೆಳೆದು, ಬಿಕ್ಕುತ್ತ ಬರುತ್ತಿತ್ತು.

“ಏನಂತಾಳಕ್ಕಾ?”

“ಅವರ ದೇಶದ ಬಯಲಾಟದ ಪದ ಅಂತ. ಆ ಆಟದಾಗ ಮಾತೇ ಇಲ್ಲ, ಬರೀ ಹಾಡು. ಏನಂತಾಳೋ ಯಾರಿಗ್ಗೊತ್ತು. ಅಳಾಕತ್ತಾಳ, ಅಷ್ಟು ತಿಳೀತದ ನೋಡು.”

ಒಮ್ಮೆ ಮೂಕಪ್ಪ ಪೇಟಿ ಹೊತ್ತು ತಂದು, ಬಿಳಿ ಕರಿ ಮನೆಗಳನ್ನೆಲ್ಲ ಒತ್ತಿ ನೋಡಿ, “ಕರಿ ಒಂದರಾಗ ಹಾಡ್ತಾಳ,” ಎಂದು ಪತ್ತೆ ಹಚ್ಚಿದ್ದ.

“ಓಣ್ಯಾಗ ಯಾರು ಸತ್ರೂ ಹೋಗಿ ಅತ್ತೀನಿ,” ಎಂದಿದ್ದಳು ದುರುಗಮ್ಮ ಆ ಸಂಜೆ. “ನನಗ ಅಳೋರು ಯಾರದಾರ? ನೀ ನೋಡಿದ್ರ ಕಲ್ಲು.”

“ಹೌದು, ಕಲ್ಲಾ. ಬರಲಾರದ ಕಣ್ಣೀರು ಎಲ್ಲಿಂದ ತರ್ಲಿ?”

“ಹಂಗಾರ ನನ್ನ ಎತ್ತೂ ಮುಂದ ಈ ಪ್ಲೇಟ ಹಚ್ಚು. ಈಕಿ ಅತ್ರ ಸಾಕು.”

“ಹಚ್ಚತೀನಿ. ಅಲ್ಲಾನ ಆಣಿ.”

ಹೋದ ತಿಂಗಳು ಯಂತ್ರ ಪೂರ್ತಿ ನಿಂತೇಹೋಯಿತು. ವರ್ಷಕ್ಕೊಮ್ಮೆ ಮುಖ ತೋರಿಸುವ ಅಣ್ಣನ ಮಗ ಹಂಪಯ್ಯ ಅದನ್ನು ರಿಪೇರಿಗೆಂದು ರಾಯಚೂರಿಗೆ ಹೊತ್ತೊಯ್ದಿದ್ದ. ಅದು ಬರುವುದರೊಳಗೆ ದುರುಗಮ್ಮ ಹೋದಳು.

*

ಕೊನೆಗೂ ಮೋಟಾರು ಬಂತು. ಹಂಪಯ್ಯ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಓಡಿಬಂದ. ಅತ್ತೆಯ ಕಾಲು ಮುಟ್ಟಿ, “ಚೊಲೋ ರಿಪೇರಿ ಆಗ್ಯಾದ ಚಿಗವ್ವಾ,” ಎಂದು ಇಮಾಮ್ ಬೀಗೆ ಹೇಳಿ, ಹಿಡಿಕೆ ತಿರುಗಿಸಿ, ಹೊಸ ಉಕ್ಕಿನ ಸೂಜಿ ಇಳಿಸಿದ.

ಧ್ವನಿ ಚಿಮ್ಮಿತು. ಕಿರಿದಾದ, ಎಳೆಯ ಧ್ವನಿ. ಒಂದರ ಮೇಲೊಂದು ಸ್ವರ ಹತ್ತುತ್ತ, ಮೇಲೆ ಹೋಗಿ ಖಿಲಖಿಲ ನಗುತ್ತಿತ್ತು. ಹೊರುವವರು ಒಬ್ಬರ ಮುಖ ಒಬ್ಬರು ನೋಡಿದರು. ಮಾನಮ್ಮ ಸೆರಗು ಬಾಯಿಗಿಟ್ಟದ್ದು ಈ ಸಲ ನಗು ತಡೆಯಲಾರದೆ.

“ಹೆಣದ ಮುಂದ ಎಂಥಾ ಪದ ಹಚ್ಚೀಯಲೇ!” ಮೂಕಪ್ಪ ಗದರಿದ.

“ಅದಾ ಪ್ಲೇಟ್ ಕಾಕಾ! ಗಡಿಯಾರದ ನಬೀಸಾಬ್ ಒಳಗೆಲ್ಲ ತೊಳದು ಎಣ್ಣಿ ಬಿಟ್ಟಾರ. ಮೊದಲ ಮೆಲ್ಲಕ ತಿರಗತಿತ್ತಂತ, ಇದರ ಖರೇ ಚಾಲ್ ಇದಾ ಅಂದ್ರು. ಆ ಆಟದಾಗ ಹುಡುಗಿ ಖುಷೀಲೆ ನಗತಾಳಂತ.”

ಮೂಕಪ್ಪನ ಬೆರಳು ತಾನಾಗಿಯೇ ಪೇಟಿಯ ಮನೆ ಹುಡುಕಿತು. “ಬಿಳಿ ಮೂರಕ್ಕ ಏರ್ಯಾಳ,” ಎಂದು ಗೊಣಗಿದ.

ಇಷ್ಟು ವರ್ಷ ಇಬ್ಬರು ಮುದುಕಿಯರು ಕೂತು ಸಂಕಟಪಟ್ಟದ್ದು ಯಾರದೋ ನಗೆಯ ಮುಂದೆಯೇ? ಇಮಾಮ್ ಬೀ ದುರುಗಮ್ಮನನ್ನು ನೋಡಿದಳು. ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂತವಳು ಏನು ಹೇಳಿಯಾಳು! ಹೊರಗೆ ಯಾರೋ ಇನ್ನೂ ನಗುತ್ತಿದ್ದರು. ಇಮಾಮ್ ಬೀಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ದುಃಖ ಬಂತು. ತಾನು ಮಾತು ಕೊಟ್ಟದ್ದು ಅಳುವಿಗೆ, ಈ ನಗೆಗಲ್ಲ.

“ಈಕಿ ಆಕೀ ಅಲ್ಲ,” ಎಂದಳು. “ಇನ್ನೊಮ್ಮೆ ಹಚ್ಚು.”

“ಇರೋದು ಒಂದಾ ಪ್ಲೇಟಲ್ಲ ಚಿಗವ್ವಾ...”

“ಹಚ್ಚಂದ್ರ ಹಚ್ಚೋ!”

ಅವನು ಹಚ್ಚಿದ. ಇಮಾಮ್ ಬೀ ಮೊಣಕಾಲೂರಿ ಕೂತು, ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ್ದ ಬೆರಳನ್ನು ತಿರುಗುವ ತಟ್ಟೆಯ ಅಂಚಿಗೆ ಮೆಲ್ಲಗೆ ಒತ್ತಿದಳು. ಹಾಡು ಮುಗ್ಗರಿಸಿತು. ಇನ್ನಷ್ಟು ಒತ್ತಿದಳು. ನಗು ಜಗ್ಗಿ ಜಗ್ಗಿ ಕೆಳಗಿಳಿಯಿತು, ಹರೆಯ ಕಳೆದುಕೊಂಡಿತು, ಬಿಕ್ಕತೊಡಗಿತು.

“ಬಂದ್ಲು ನೋಡಕ್ಕಾ,” ಎಂದಳು.

ಮೂಕಪ್ಪ ಯಾರೂ ಹೇಳದೆಯೇ ಪೇಟಿಯ ತಿದಿ ಒತ್ತಿ ಕರಿ ಒಂದನ್ನು ಹಿಡಿದ. ಹೊರಗಿನ ನಗು ನಿಂತಿತು. ಮಾನಮ್ಮ ಬಾಗಿಲ ಕಂಬ ಹಿಡಿದು ಕುಸಿದು ಕೂತು, “ನನ್ನ ಮಗಗ ಅತ್ತಾಕಿ, ಯವ್ವಾ, ನನ್ನ ಮಗಗ ಅತ್ತಾಕಿ,” ಎಂದು ಹಾಡಿಕೊಂಡು ಅಳತೊಡಗಿದಳು.

“ಈಗ ಎತ್ರಿ,” ಎಂದಳು ಇಮಾಮ್ ಬೀ, ತಟ್ಟೆಯಿಂದ ಕಣ್ಣು ತೆಗೆಯದೆ.

ಎತ್ತಿದರು. ಹಂಪಯ್ಯ ಮುಂದೆ ನಡೆದ. ಹಿಂದೆ ಮೂಕಪ್ಪನ ಪೇಟಿ ಅದೇ ಒಂದು ಸ್ವರ ಹಿಡಿದುಕೊಂಡು ಓಣಿಯುದ್ದಕ್ಕೂ ಹೋಗಿ, ಸಂದಿ ತಿರುಗಿ, ಕೇಳದಾಯಿತು.

ಒಳಗೆ ಹಾಡೂ ಮುಗಿಯಿತು. ಸೂಜಿ ಸುಮ್ಮನೆ ಕೆರೆಯುತ್ತಿತ್ತು.

“ಪದ ಮುಗೀತಬೇ. ಬೆರಳು ತಗೀ,” ಎಂದಳು ಮಾನಮ್ಮ.

ಇಮಾಮ್ ಬೀ ತೆಗೆಯಲಿಲ್ಲ. ಆಕೆಯ ಮೂಗಿನ ತುದಿಯಿಂದ ಒಂದು ಹನಿ ತಟ್ಟೆಯ ಮೇಲೆ ಬಿದ್ದು, ನಿಧಾನವಾಗಿ ಸುತ್ತತೊಡಗಿತು.